ಮುಚ್ಚಳ ತೆರೆಯುವ ಕೈಗಳು



ಕನ್ನಡ ಕೂಟಗಳ ವೇದಿಕೆಯಲ್ಲಿ ಕಾವ್ಯ, ಚರಿತ್ರೆ, ರಾಜಕಾರಣಗಳ ಚರ್ಚೆ ವಾಡಿಕೆಯದು. ಇಂದಿನ ಮಾತಿನ ವಸ್ತು ಅವುಗಳ ಸಾಲಿಗೆ ಸೇರದ್ದೆಂದು ಕೆಲವರಿಗೆ ತೋರಬಹುದು. ಕಾರಿನ ಎಂಜಿನ್ನಿನ ಮೇಲೆ ಅಂಟಿ ಕುಳಿತ ಒಂದು ಮುಚ್ಚಳ, ಮನೆಯಂಗಳದಲ್ಲಿ ಅದನ್ನು ಬಿಚ್ಚುವ ಬಗೆ, ಬಿಚ್ಚಲು ಯಾರಿಗೆ ಹಕ್ಕಿದೆ ಎಂಬ ವಿಚಾರ, ಇಷ್ಟೇ ಇದರ ವ್ಯಾಪ್ತಿ. ಇಂಥ ವಿಷಯ ಸಾಹಿತ್ಯದ ವೇದಿಕೆಗೆ ತಕ್ಕುದಲ್ಲವೆಂಬ ಭಾವನೆ ಕನ್ನಡಿಗರಲ್ಲಿ ಎಲ್ಲಿಂದ ಬಂತು ಎಂಬುದನ್ನೂ ಮಾತಿನ ಕೊನೆಯ ಭಾಗದಲ್ಲಿ ಕೇಳಬೇಕಾಗುತ್ತದೆ.

ಮೊದಲು ಮುಚ್ಚಳದ ಸಂಗತಿ. ಹತ್ತು ವರ್ಷ ಓಡಿದ ನಾಲ್ಕು ಸಿಲಿಂಡರಿನ ಸಾಮಾನ್ಯ ಕಾರಿನ ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವುದು ಕಂಪನಿಯ ಲಾಂಛನವಿರುವ ಕಪ್ಪು ಪ್ಲಾಸ್ಟಿಕ್ ಹೊದಿಕೆ. ಅದು ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ, ತಂತಿ ಕೊಳವೆಗಳನ್ನು ನೋಟದಿಂದ ಮರೆಮಾಡುತ್ತದೆ. ಹೆಚ್ಚಿನ ಕಾರುಗಳಲ್ಲಿ ಎರಡೂ ಕೈಗಳಿಂದ ಮೇಲಕ್ಕೆಳೆದರೆ ರಬ್ಬರ್ ಗುಬ್ಬಿಗಳಿಂದ ಬಿಟ್ಟುಕೊಂಡು ಬರುತ್ತದೆ. ಅದರ ಕೆಳಗೆ ಇರುವುದು ನಿಜವಾದ ಮುಚ್ಚಳ. ಬೆಂಗಳೂರಿನ ಗ್ಯಾರೇಜುಗಳಲ್ಲಿ ಇದಕ್ಕೆ ಟ್ಯಾಪೆಟ್ ಕವರ್ ಎಂದು ಹೆಸರು, ಅಮೆರಿಕದಲ್ಲಿ ವಾಲ್ವ್ ಕವರ್. ಒಳಗೆ ಕ್ಯಾಮ್‌ಶಾಫ್ಟ್ ತಿರುಗುತ್ತಿರುತ್ತದೆ, ಕವಾಟಗಳು ತೆರೆದು ಮುಚ್ಚುತ್ತಿರುತ್ತವೆ, ಬಿಸಿ ಆಯಿಲ್ ಸಿಡಿಯುತ್ತಿರುತ್ತದೆ. ಆ ಆಯಿಲ್ ಹೊರಕ್ಕೆ ಬರದಂತೆಯೂ ಹೊರಗಿನ ಧೂಳು ಒಳಕ್ಕೆ ಹೋಗದಂತೆಯೂ ತಡೆಯುವುದು ಮುಚ್ಚಳದ ಅಂಚಿನಲ್ಲಿರುವ ರಬ್ಬರ್ ಗ್ಯಾಸ್ಕೆಟ್. ಮೂಲೆಗಳಲ್ಲಿ, ಎರಡು ಲೋಹದ ತುಂಡುಗಳು ಕೂಡುವೆಡೆಯಲ್ಲಿ, ಅದಕ್ಕೆ ನೆರವಾಗಿ ಸಿಲಿಕೋನ್ ಅಂಟು.

ವರ್ಷಗಟ್ಟಲೆ ಕಾದು ತಣಿದು, ಕಾದು ತಣಿದು, ರಬ್ಬರು ತನ್ನ ಮೆದುತನವನ್ನು ಕಳೆದುಕೊಳ್ಳುತ್ತದೆ. ಗಟ್ಟಿಯಾದ ಗ್ಯಾಸ್ಕೆಟ್ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಒಂದೆಡೆ ಆಯಿಲ್ಲನ್ನು ಸೋರಗೊಡುತ್ತದೆ, ಇನ್ನೊಂದೆಡೆ ಮುಚ್ಚಳವನ್ನು ಬಿಡದೆ ಹಿಡಿಯುತ್ತದೆ. ಸೋರಿದ ಆಯಿಲ್ ಬಿಸಿ ಹೊಗೆಕೊಳವೆಯ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಗುಳಿಯೊಳಗೆ ಇಳಿದರೆ ಎಂಜಿನ್ ತಡವರಿಸುತ್ತದೆ. ಹೊಸ ಗ್ಯಾಸ್ಕೆಟ್ಟಿನ ಬೆಲೆ ಅಲ್ಪ, ಅಂಗಡಿಯ ಬಿಲ್ಲಿನ ಬಹುಪಾಲು ಬಿಚ್ಚಿ ಕೂಡಿಸುವ ಕೂಲಿಯದು. ಆದ್ದರಿಂದಲೇ ಮನೆಯಲ್ಲೇ ಕಾರು ದುರಸ್ತಿ ಮಾಡಲು ಕಲಿಯುವವರು ಬಹಳ ಬೇಗ ಕೈಹಾಕುವ ಕೆಲಸಗಳಲ್ಲಿ ಇದೂ ಒಂದು.

ಬಿಚ್ಚುವ ಕ್ರಮಕ್ಕೆ ಒಂದು ಶಿಸ್ತಿದೆ. ಎಂಜಿನ್ ಪೂರ್ತಿ ತಣಿಯಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಇಗ್ನಿಷನ್ ಕಾಯಿಲುಗಳನ್ನು, ಗಾಳಿಯ ಕೊಳವೆಗಳನ್ನು ಒಂದೊಂದಾಗಿ ತೆಗೆದು, ಯಾವುದು ಎಲ್ಲಿಯದೆಂದು ಗುರುತು ಹಾಕಿಡಬೇಕು. ಮುಚ್ಚಳದ ಸುತ್ತಲ ಕಸವನ್ನು ಮೊದಲೇ ಒರೆಸಬೇಕು, ಇಲ್ಲವಾದರೆ ತೆರೆದ ಕೂಡಲೇ ಅದು ಒಳಕ್ಕೆ ಬೀಳುತ್ತದೆ. ಬೋಲ್ಟುಗಳನ್ನು ಹೊರ ಅಂಚಿನಿಂದ ನಡುವಿನ ಕಡೆಗೆ, ಒಂದೇ ಬಾರಿಗೆ ಬಿಚ್ಚದೆ, ಎರಡು ಮೂರು ಸುತ್ತಿನಲ್ಲಿ ಸಡಿಲಿಸಬೇಕು. ಎಲ್ಲ ಬೋಲ್ಟುಗಳೂ ಕೈಗೆ ಬಂದ ಮೇಲೂ ಮುಚ್ಚಳ ಅಲುಗುವುದಿಲ್ಲ. ಹೊಸಬರಿಗೆ ಸಿಟ್ಟು ಬರುವುದು ಇಲ್ಲಿಯೇ.

ಅನುಭವಸ್ಥ ಮೆಕ್ಯಾನಿಕ್ ಈ ಘಟ್ಟದಲ್ಲಿ ಬಲವನ್ನು ಹೆಚ್ಚಿಸುವುದಿಲ್ಲ, ಬೋಲ್ಟುಗಳನ್ನು ಮತ್ತೆ ಎಣಿಸುತ್ತಾನೆ. ತಂತಿಯ ಗೊಂಚಲಿನ ಕೆಳಗೋ ಆಯಿಲ್ ಮಣ್ಣಿನ ಪದರದಡಿಯೋ ಒಂದು ಬೋಲ್ಟು ಉಳಿದಿರುವುದು ಅಪರೂಪವೇನಲ್ಲ. ಉಳಿದಿಲ್ಲವೆಂದು ಖಚಿತವಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಪಕ್ಕದಿಂದ ಮೆಲ್ಲನೆ ತಟ್ಟುತ್ತಾನೆ. ಅಂಟು ಮೇಲೆಳೆತಕ್ಕಿಂತ ಪಕ್ಕದ ಅಲುಗಾಟಕ್ಕೆ ಬೇಗ ಸೋಲುತ್ತದೆ. ಮೂಲೆಯ ಸಿಲಿಕೋನ್ ಇನ್ನೂ ಹಿಡಿದಿದ್ದರೆ ತೆಳುವಾದ ಪುಟ್ಟಿ ಚಾಕುವನ್ನು ತೂರಿಸಿ ಅಂಟನ್ನು ಕೊಯ್ಯುತ್ತಾನೆ. ತಯಾರಕರು ಎತ್ತಲೆಂದೇ ಬಿಟ್ಟಿರುವ ಕಿವಿಯಂಥ ಚಾಚು ಎಲ್ಲಿದೆ ಎಂದು ಹುಡುಕುತ್ತಾನೆ. ಸ್ಕ್ರೂಡ್ರೈವರನ್ನು ಸಂದಿನಲ್ಲಿ ತುರುಕಿ ಮೀಟಿದರೆ ಅಲ್ಯೂಮಿನಿಯಂ ಮೇಲ್ಮೈಯಲ್ಲಿ ಗೀರು ಬೀಳುತ್ತದೆ. ಆ ಗೀರಿನ ದಾರಿಯಲ್ಲಿ ಹೊಸ ಗ್ಯಾಸ್ಕೆಟ್ ಹಾಕಿದರೂ ಆಯಿಲ್ ಸೋರುತ್ತದೆ. ಪ್ಲಾಸ್ಟಿಕ್ ಮುಚ್ಚಳವಾದರೆ ಬಿರುಕು ಬಿಡುತ್ತದೆ, ಗ್ಯಾಸ್ಕೆಟ್ಟಿನಲ್ಲಿ ಮುಗಿಯುತ್ತಿದ್ದ ಖರ್ಚು ಹಲವು ಪಟ್ಟಾಗುತ್ತದೆ.

ಈ ಕೆಲಸದಲ್ಲಿರುವ ಅರಿವು ಪುಸ್ತಕದ ಅರಿವಿಗಿಂತ ಕಡಿಮೆಯದಲ್ಲ. ಇದರಲ್ಲಿ ಕಾರಣ ಕಾರ್ಯಗಳ ವಿಂಗಡಣೆಯಿದೆ, ಊಹೆಯನ್ನು ಪರೀಕ್ಷಿಸುವ ತಾಳ್ಮೆಯಿದೆ, ಎಲ್ಲಿ ಬಲ ಬೇಕು ಎಲ್ಲಿ ಬೇಡ ಎಂಬ ತೀರ್ಮಾನವಿದೆ. ಹಾಗಿದ್ದೂ ಈ ಅರಿವನ್ನು ಕೈಗೆ ದಕ್ಕದಂತೆ ಮಾಡುವ ಬೇರೆ ಎರಡು ಅಂಟುಗಳಿವೆ. ಒಂದು ಕಾನೂನಿನದು, ಇನ್ನೊಂದು ಜಾತಿಯದು.

ಕಾನೂನಿನ ಅಂಟಿನ ಕಥೆ ನಡೆದಿರುವುದು ಬಹುಮಟ್ಟಿಗೆ ವಾಷಿಂಗ್ಟನ್ನಿನಲ್ಲಿಯೇ. ಅಮೆರಿಕದ ಉಪನಗರಗಳಲ್ಲಿ ಕಾರಿಲ್ಲದೆ ಬದುಕಿಲ್ಲ. ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಲ್ಲಾಗಲಿ, ಅಟ್ಲಾಂಟಾದ ಉತ್ತರಕ್ಕಿರುವ ಆಲ್ಫರೆಟ್ಟಾದಲ್ಲಾಗಲಿ, ಉತ್ತರ ಕೆರೊಲಿನಾದ ಕ್ಯಾರಿಯಲ್ಲಾಗಲಿ ಹಾಲು ತರುವುದಕ್ಕೂ ಕಾರು ಬೇಕು. ಹೀಗೆ ಬದುಕಿಗೆ ಅನಿವಾರ್ಯವಾದ ಯಂತ್ರವನ್ನು ದುರಸ್ತಿ ಮಾಡುವ ಹಕ್ಕು ಯಾರದು ಎಂಬುದು ದೊಡ್ಡ ಆರ್ಥಿಕ ಪ್ರಶ್ನೆ. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆ ಒಂದು ಅಡಿಪಾಯ ಹಾಕಿತು: ಬೇರೆಯವರ ಬಿಡಿಭಾಗ ಬಳಸಿದರೆಂದೋ ಬೇರೆಡೆ ದುರಸ್ತಿ ಮಾಡಿಸಿದರೆಂದೋ ಅಷ್ಟಕ್ಕೇ ವಾರಂಟಿಯನ್ನು ನಿರಾಕರಿಸುವಂತಿಲ್ಲ. 1996ರ ಮಾದರಿಯಿಂದ ಎಲ್ಲ ಕಾರುಗಳಲ್ಲೂ ದೋಷ ಪತ್ತೆಗೆ ಒಂದೇ ಬಗೆಯ ಸಂಪರ್ಕ ಕಿಂಡಿ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗಿನ ಆ ಕಿಂಡಿಗೆ ಅಗ್ಗದ ಉಪಕರಣವೊಂದನ್ನು ಸಿಕ್ಕಿಸಿ ಎಂಜಿನ್ನಿನ ದೂರನ್ನು ಯಾರೂ ಓದಬಹುದು.

ಆದರೆ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆ ಬೇರೊಂದು ದಾರಿ ಹಿಡಿಯಿತು. ಸಿನಿಮಾ, ಸಂಗೀತಗಳ ನಕಲು ತಡೆಯಲು ಡಿಜಿಟಲ್ ಬೀಗ ಒಡೆಯುವುದನ್ನೇ ಅದು ಅಪರಾಧವಾಗಿಸಿತು. ಕಾರಿನೊಳಗೆ ಕಂಪ್ಯೂಟರುಗಳು ಹೆಚ್ಚಿದಂತೆ ಅದೇ ಕಾಯಿದೆ ಎಂಜಿನ್ನಿಗೂ ಅನ್ವಯವಾಯಿತು. ಮುಚ್ಚಳದ ಬೋಲ್ಟು ಮಾಲೀಕನದು, ಒಳಗಿನ ಸಾಫ್ಟ್‌ವೇರ್ ಕಂಪನಿಯದು ಎಂಬ ವಿಚಿತ್ರ ಸ್ಥಿತಿ ಇದರಿಂದ ಹುಟ್ಟಿತು. 2012ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಭಾರೀ ಬಹುಮತದಿಂದ ವಾಹನ ದುರಸ್ತಿಯ ಹಕ್ಕನ್ನು ಅನುಮೋದಿಸಿದರು. ಅದರ ಒತ್ತಡದಿಂದ 2014ರ ಜನವರಿಯಲ್ಲಿ ತಯಾರಕರು ಇಡೀ ದೇಶಕ್ಕೆ ಅನ್ವಯವಾಗುವ ಒಪ್ಪಂದವೊಂದಕ್ಕೆ ಬಂದರು. ಕಾರು ನಿಸ್ತಂತುವಾಗಿ ಕಂಪನಿಗೆ ಕಳುಹಿಸುವ ಮಾಹಿತಿಯೂ ಮಾಲೀಕನಿಗೆ ಸಿಗಬೇಕೆಂದು 2020ರಲ್ಲಿ ಅದೇ ರಾಜ್ಯದ ಜನ ಮತ್ತೆ ಮತ ಹಾಕಿದರು. ಕಾರು ತಯಾರಕರ ಒಕ್ಕೂಟ ಕೂಡಲೇ ನ್ಯಾಯಾಲಯದ ಮೆಟ್ಟಿಲೇರಿತು, ಪ್ರಕರಣ ವರ್ಷಗಟ್ಟಲೆ ಎಳೆಯಿತು.

ಮುಚ್ಚಳ ಮುಚ್ಚಿಯೇ ಇರಲಿ ಎನ್ನುವವರ ವಾದವನ್ನು ಹಗುರವಾಗಿ ಕಾಣಬಾರದು. ಯಾರು ಬೇಕಾದರೂ ಸಾಫ್ಟ್‌ವೇರಿಗೆ ಕೈಹಾಕಿದರೆ ಬ್ರೇಕು ಕೆಡಬಹುದು, ಕಳ್ಳರಿಗೆ ದಾರಿಯಾಗಬಹುದು, ಹೆಚ್ಚಿನ ವೇಗದ ಆಸೆಗೆ ಹೊಗೆ ನಿಯಂತ್ರಣವನ್ನು ಕಿತ್ತುಹಾಕುವವರು ಇರಬಹುದು. ಇಂಥವರು ಇದ್ದಾರೆ ಎಂಬುದೂ ನಿಜ. ವಾಹನದ ಸಾಫ್ಟ್‌ವೇರ್ ತೆರೆಯಲು ವಿನಾಯಿತಿ ಕೊಡಬೇಕೇ ಎಂಬ ಪ್ರಶ್ನೆ 2015ರಲ್ಲಿ ವಾಷಿಂಗ್ಟನ್ನಿನ ಕೃತಿಸ್ವಾಮ್ಯ ಕಚೇರಿಯ ಮುಂದೆ ಬಂದಾಗ, ಪರಿಸರ ಸಂರಕ್ಷಣಾ ಸಂಸ್ಥೆ ಇದೇ ಕಾರಣವನ್ನು ಮುಂದಿಟ್ಟು ಜುಲೈ ತಿಂಗಳಲ್ಲಿ ವಿರೋಧ ಸೂಚಿಸಿತು.

ಎರಡೇ ತಿಂಗಳ ಬಳಿಕ ಆ ವಾದದ ಇನ್ನೊಂದು ಮುಖ ಬಯಲಾಯಿತು. 2015ರ ಸೆಪ್ಟೆಂಬರ್ 18ರಂದು ಅದೇ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಗೆ ಉಲ್ಲಂಘನೆಯ ನೋಟಿಸು ಕೊಟ್ಟಿತು. ಕಂಪನಿಯ ಡೀಸೆಲ್ ಕಾರುಗಳು ಪರೀಕ್ಷೆ ನಡೆಯುತ್ತಿದೆಯೆಂದು ತಾವೇ ಗುರುತಿಸಿ ಆ ಹೊತ್ತಿಗಷ್ಟೇ ಹೊಗೆ ತಗ್ಗಿಸುತ್ತಿದ್ದವು. ರಸ್ತೆಗಿಳಿದ ಮೇಲೆ ನೈಟ್ರೋಜನ್ ಆಕ್ಸೈಡುಗಳನ್ನು ಮಿತಿಗಿಂತ 40 ಪಟ್ಟಿನವರೆಗೂ ಉಗುಳುತ್ತಿದ್ದವು. ಅಮೆರಿಕದಲ್ಲಿ ಸುಮಾರು 4,82,000, ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಮೋಸದ ಸಾಫ್ಟ್‌ವೇರ್ ಇತ್ತು. ಸಾಮಾನ್ಯ ಮಾಲೀಕ ಎಂಜಿನ್ನನ್ನು ಕೆಡಿಸಿಯಾನು ಎಂಬ ಭಯದಿಂದ ಬೀಗದ ಪರ ವಾದ ನಡೆಯುತ್ತಿದ್ದಾಗ, ಬೀಗದ ಒಳಗಿದ್ದ ಕಂಪನಿಯೇ ಲಕ್ಷಾಂತರ ಎಂಜಿನ್ನುಗಳಲ್ಲಿ ಅದನ್ನು ಮಾಡಿ ಮುಗಿಸಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ವಿನಾಯಿತಿ ದೊರೆಯಿತು, ಜಾರಿಗೆ ಬರಲು ಇನ್ನೊಂದು ವರ್ಷ ಹಿಡಿಯಿತು.

ಈ ಮೋಸವನ್ನು ಹೊರಗೆಳೆದವರ ಕಥೆ ಅನಿವಾಸಿ ಕನ್ನಡಿಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದದ್ದು. ಶುದ್ಧ ಸಾರಿಗೆಯ ಬಗ್ಗೆ ಕೆಲಸ ಮಾಡುವ ಐಸಿಸಿಟಿ ಎಂಬ ಲಾಭರಹಿತ ಸಂಸ್ಥೆ, ವಾಷಿಂಗ್ಟನ್ನಿನಿಂದ ಸುಮಾರು 200 ಮೈಲಿ ದೂರದ ಮಾರ್ಗನ್‌ಟೌನಿನಲ್ಲಿರುವ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡಕ್ಕೆ ಡೀಸೆಲ್ ಕಾರುಗಳ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆಯುವ ಕೆಲಸ ಕೊಟ್ಟಿತು. ಪ್ರಯೋಗಾಲಯದ ಉರುಳೆಗಳ ಮೇಲಿನ ಪರೀಕ್ಷೆಗಷ್ಟೇ ನಿಲ್ಲದೆ ಅಳತೆಯ ಯಂತ್ರವನ್ನು ಕಾರಿನ ಹಿಂಬದಿಗೇ ಕಟ್ಟಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಯಂತ್ರಕ್ಕೆ ವಿದ್ಯುತ್ ಕೊಡುವ ಸಣ್ಣ ಜನರೇಟರ್ ಪದೇ ಪದೇ ಕೈಕೊಡುತ್ತಿತ್ತು, ಅದನ್ನು ಅವರೇ ರಿಪೇರಿ ಮಾಡಿಕೊಳ್ಳುತ್ತಿದ್ದರು. ಪರೀಕ್ಷೆಗೆ ಒಳಗಾದ ಮೂರು ಕಾರುಗಳಲ್ಲಿ ಎರಡು ಫೋಕ್ಸ್‌ವ್ಯಾಗನ್ನಿನವು, ಒಂದು ಬಿಎಂಡಬ್ಲ್ಯೂ ಎಕ್ಸ್5. ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಕಾರ್ಖಾನೆಯಲ್ಲಿ ತಯಾರಾಗುವ ಮಾದರಿ ಈ ಎಕ್ಸ್5. ಅದು ಬಹುತೇಕ ಸಂದರ್ಭಗಳಲ್ಲಿ ಮಿತಿಯೊಳಗೇ ಉಳಿಯಿತು. ಉಳಿದೆರಡು ಮಿತಿಯನ್ನು ಎಷ್ಟೋ ಪಟ್ಟು ದಾಟಿದವು. ಡೀಸೆಲ್ಲನ್ನು ಶುದ್ಧವಾಗಿ ಉರಿಸಬಹುದೆಂದೂ, ಅಡ್ಡಿ ಇನ್ನೆಲ್ಲೋ ಇದೆಯೆಂದೂ ಇದರಿಂದ ಗೊತ್ತಾಯಿತು. ವರದಿ 2014ರ ಮೇ ತಿಂಗಳಲ್ಲಿ ಪ್ರಕಟವಾಯಿತು.

ಆ ತಂಡದಲ್ಲಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು ಬೆಂಗಳೂರಿನಲ್ಲಿ ಬೆಳೆದ ಹೇಮಂತ್ ಕಪ್ಪಣ್ಣ. ಬಳಿಕ ಅವರು ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಎಂಜಿನಿಯರಾಗಿ ಸೇರಿದರು. 2019ರ ಫೆಬ್ರುವರಿಯಲ್ಲಿ ಆ ಕಂಪನಿ ಸಾವಿರಾರು ನೌಕರರನ್ನು ಕೈಬಿಟ್ಟಾಗ ಅವರೂ ಕೆಲಸ ಕಳೆದುಕೊಂಡರು. ಹೊಗೆ ನಿಯಮಗಳ ಪಾಲನೆಗೂ ಈ ವಜಾಕ್ಕೂ ಸಂಬಂಧವಿಲ್ಲವೆಂದು ಕಂಪನಿ ಹೇಳಿತು. ಕೆಲಸದ ವೀಸಾದ ಮೇಲಿದ್ದವರಿಗೆ ಬೇರೆ ಕೆಲಸ ಹುಡುಕಿಕೊಳ್ಳಲು ಇರುವ ಅವಧಿ 60 ದಿನ. ಅಷ್ಟರಲ್ಲಿ ಕೆಲಸ ಸಿಗದೆ ಅವರು ಬೆಂಗಳೂರಿಗೆ ಮರಳಿದ ಸುದ್ದಿ ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಬಂತು. ಕೋಟ್ಯಂತರ ಜನ ಉಸಿರಾಡುವ ಗಾಳಿಯ ಪರವಾಗಿ ಮುಚ್ಚಳ ತೆರೆದವರ ಪೈಕಿ ಒಬ್ಬರಿಗೆ ಆ ದೇಶದಲ್ಲಿ ನಿಲ್ಲಲು 60 ದಿನಗಳಿಗಿಂತ ಹೆಚ್ಚಿನ ಹಕ್ಕು ಇರಲಿಲ್ಲ. ಎಚ್-1ಬಿ ವೀಸಾದ ಮೇಲೆ ಬದುಕುವ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ವೀಸಾದ ಹಗ್ಗ ಕೊರಳಲ್ಲಿರುವವರು ಕಚೇರಿಯಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ಆದ್ದರಿಂದ ದುರಸ್ತಿಯ ಹಕ್ಕಿನ ಚರ್ಚೆಯನ್ನೂ ವಲಸಿಗರ ಹಕ್ಕಿನ ಚರ್ಚೆಯನ್ನೂ ಬೇರೆ ಬೇರೆ ಎಂದು ಕಾಣಲಾಗದು.

ಇನ್ನು ಎರಡನೆಯ ಅಂಟು. ಇದನ್ನು ಯಾವ ಕಂಪನಿಯೂ ಬಳಿದದ್ದಲ್ಲ, ಕನ್ನಡಿಗರು ಊರಿನಿಂದಲೇ ಹೊತ್ತು ತಂದದ್ದು. ಪ್ರತಿ ವರ್ಷ ನವರಾತ್ರಿಯಲ್ಲಿ ವರ್ಜೀನಿಯಾದಿಂದ ಜಾರ್ಜಿಯಾದವರೆಗೆ ಡ್ರೈವ್‌ವೇಗಳಲ್ಲಿ ಆಯುಧ ಪೂಜೆ ನಡೆಯುತ್ತದೆ. ಕಾರಿಗೆ ಅರಿಸಿನ ಕುಂಕುಮ, ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಬಾನೆಟ್ಟಿನ ಹೊರಮೈಗೆ ಪೂಜೆ ಸಲ್ಲುತ್ತದೆ, ಬಾನೆಟ್ ಎತ್ತುವವರು ವಿರಳ. ಸ್ಪ್ಯಾನರು, ಸುತ್ತಿಗೆಗಳನ್ನು ವರ್ಷಕ್ಕೊಮ್ಮೆ ದೇವರೆಂದು ಕೈಮುಗಿದವರು ಉಳಿದ ದಿನಗಳಲ್ಲಿ ಅವನ್ನು ಹಿಡಿದ ಕೈಯನ್ನು ಯಾವ ಅಂತಸ್ತಿನಲ್ಲಿ ಇಟ್ಟಿದ್ದಾರೆ ಎಂದು ಕೇಳಿಕೊಂಡರೆ ಉತ್ತರ ಹಿತವಾಗಿರುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಸಾಲು, ಶಿವಾಜಿನಗರದ ಗುಜರಿ ಅಂಗಡಿಗಳು, ಊರೂರ ಹೆದ್ದಾರಿ ಬದಿಯ ಗ್ಯಾರೇಜುಗಳು ಒಂದು ದೊಡ್ಡ ವಿಶ್ವವಿದ್ಯಾಲಯ. ಅಲ್ಲಿ ಶಾಲೆ ಬಿಟ್ಟ ಹುಡುಗರು, ಅವರಲ್ಲಿ ಅನೇಕರು ಮುಸ್ಲಿಂ, ದಲಿತ, ಹಿಂದುಳಿದ ಸಮುದಾಯಗಳ ಮಕ್ಕಳು, ಉಸ್ತಾದನ ಕೈಕೆಳಗೆ ವರ್ಷಗಟ್ಟಲೆ ದುಡಿದು ಸದ್ದಿನಿಂದಲೇ ರೋಗ ಗುರುತಿಸುವ ವಿದ್ಯೆ ಕಲಿಯುತ್ತಾರೆ. ಕೈಪಿಡಿ ಇಲ್ಲದೆ, ತಯಾರಕರ ಉಪಕರಣವಿಲ್ಲದೆ, ಹಳೆಯ ಟ್ಯೂಬಿನ ರಬ್ಬರನ್ನೋ ದಪ್ಪ ಕಾಗದವನ್ನೋ ಕತ್ತರಿಸಿ ಗ್ಯಾಸ್ಕೆಟ್ ಮಾಡಿದ ಕೈಗಳವು. ಎಂಜಿನಿಯರಿಂಗ್ ಪದವಿ ಪಡೆದ ಮಧ್ಯಮ ವರ್ಗದ ಹುಡುಗ ಅದೇ ಎಂಜಿನ್ನಿನ ಸಮೀಕರಣ ಬರೆದು ಅಮೆರಿಕಕ್ಕೆ ಬಂದ. ಆ ಹುಡುಗರು ಅಲ್ಲೇ ಉಳಿದರು. ಒಬ್ಬರ ಅರಿವಿಗೆ ಪಾಸ್‌ಪೋರ್ಟಿನ ಬೆಲೆ ಬಂತು, ಇನ್ನೊಬ್ಬರ ಅರಿವಿಗೆ ಹೆಸರೂ ಸಿಗಲಿಲ್ಲ.

ಜಾತಿಯು ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲು ಕೀಳೆಂದು ವಿಂಗಡಿಸುತ್ತದೆ ಎಂಬುದನ್ನು ಅಂಬೇಡ್ಕರ್ 1936ರಲ್ಲಿಯೇ, ಮಾಡಲು ಅವಕಾಶ ಸಿಗದೇಹೋದ ತಮ್ಮ ಪ್ರಸಿದ್ಧ ಭಾಷಣದಲ್ಲಿ ವಿವರಿಸಿದ್ದರು. ಅದಕ್ಕೂ ಎಂಟು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ ಮೊದಲಾದವರು ತಮ್ಮ ಕಸುಬಿನ ಹೆಸರನ್ನೇ ಮುಂದಿಟ್ಟುಕೊಂಡು ಅನುಭವದ ಮಾತಾಡಿದರು. ಕೈಕೆಲಸಕ್ಕೂ ತತ್ವಕ್ಕೂ ನಡುವೆ ಗೋಡೆಯಿಲ್ಲವೆಂದು ತೋರಿಸಿದ ಪರಂಪರೆ ಕನ್ನಡಕ್ಕಿದೆ. ವಚನಗಳನ್ನು ವೇದಿಕೆಯಲ್ಲಿ ಹಾಡುವ ಸಮುದಾಯವು ಮಸಿ ಅಂಟಿದ ಕೈಯನ್ನು ಕಂಡು ಸಂಕೋಚಪಟ್ಟರೆ ಆ ಪರಂಪರೆಯ ಮುಚ್ಚಳವೂ ಅಂಟಿ ಕುಳಿತಿದೆ ಎಂದೇ ಅರ್ಥ.

ಅಮೆರಿಕದಲ್ಲಿ ಈ ಸಂಕೋಚಕ್ಕೆ ಹೊಸ ವೇಷ ಸಿಕ್ಕಿದೆ. ಅನೇಕ ಬಡಾವಣೆಗಳ ನಿವಾಸಿಗಳ ಸಂಘಗಳು ಮನೆಯ ಮುಂದೆ ಕಾರು ಬಿಚ್ಚುವುದನ್ನು ನಿಷೇಧಿಸಿವೆ. ನೆಲಕ್ಕೆ ಆಯಿಲ್ ಸುರಿಯಬಾರದೆಂಬ ನಿಯಮ ನ್ಯಾಯವಾದದ್ದು. ಆದರೆ ದುಡಿಯುವ ಕೈ ಕಣ್ಣಿಗೆ ಬಿದ್ದರೆ ಮನೆಯ ಬೆಲೆ ಇಳಿಯುತ್ತದೆ ಎಂಬ ಲೆಕ್ಕಾಚಾರವೂ ಅದರೊಳಗೆ ಬೆರೆತಿದೆ. ಅಂಗಡಿಯ ಬಿಲ್ಲು ಕಟ್ಟಲಾರದೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಸಂಜೆ ಬೆಳಕಲ್ಲಿ ಬ್ರೇಕ್ ಬದಲಿಸುವ ವಲಸೆ ಕಾರ್ಮಿಕನಿಗೆ ಆ ನಿಯಮ ತಟ್ಟುವ ಬಗೆಯೇ ಬೇರೆ. ಇಂಥ ಸಂಘಗಳ ಸಭೆಗಳಲ್ಲಿ ಕನ್ನಡಿಗರೂ ಕೂರುತ್ತಾರೆ, ಮತ ಹಾಕುತ್ತಾರೆ. ಯಾರ ಪರ ಹಾಕುತ್ತಾರೆ ಎಂಬುದು ಅವರ ಪ್ರಗತಿಪರತೆಗೆ ಎದುರಾಗುವ ಸಣ್ಣ, ಆದರೆ ನಿಜವಾದ ಪರೀಕ್ಷೆ.

ಭಾರತದಲ್ಲಿಯೂ ಈ ಹೋರಾಟ ನಡೆದಿದೆ. ಬಿಡಿಭಾಗಗಳನ್ನು, ದುರಸ್ತಿಯ ಕೈಪಿಡಿಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಕ್ಕಾಗಿ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಒಬ್ಬ ಗ್ರಾಹಕನ ದೂರಿನಿಂದ ಶುರುವಾದ ಪ್ರಕರಣ ಅದು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಚೌಕಟ್ಟಿಗಾಗಿ ಸಮಿತಿಯೊಂದನ್ನು ರಚಿಸಿತು. ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳ ಜೊತೆಗೆ ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಟ್ರ್ಯಾಕ್ಟರಿನ ಮುಚ್ಚಳ ತೆರೆಯುವ ಹಕ್ಕು ಮಂಡ್ಯದ ರೈತನಿಗೂ ಕೆರೊಲಿನಾದ ರೈತನಿಗೂ ಒಂದೇ ಪ್ರಶ್ನೆ.

ಹಾಗಾದರೆ ಮಾಡಬೇಕಾದದ್ದೇನು? ದುರಸ್ತಿಯ ಹಕ್ಕಿನ ಮಸೂದೆ 2022ರಿಂದ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಮತ್ತೆ ಮತ್ತೆ ಬಂದಿದೆ. ಮತದ ಹಕ್ಕುಳ್ಳವರು ತಮ್ಮ ಪ್ರತಿನಿಧಿಗೆ ಅದರ ಬಗ್ಗೆ ಬರೆಯಬಹುದು. ಕನ್ನಡ ಕೂಟಗಳು ಸಂಕ್ರಾಂತಿ, ಯುಗಾದಿಗಳ ನಡುವೆ ಒಂದು ಶನಿವಾರವನ್ನು ದುರಸ್ತಿಗೆ ಮೀಸಲಿಡಬಹುದು. ಅಲ್ಲಿ ಹೆಣ್ಣುಮಕ್ಕಳ ಕೈಗೂ ಸ್ಪ್ಯಾನರ್ ಬರಬೇಕು, ಮನೆಯಲ್ಲಿ ಗಂಡುಮಕ್ಕಳ ಕೈಗೆ ಸೌಟು ಬರಬೇಕಾದಷ್ಟೇ ಮುಖ್ಯವಾಗಿ. ಬಳಸಿದ ಆಯಿಲ್ಲನ್ನು ಚರಂಡಿಗೆ ಸುರಿಯದೆ ಕೌಂಟಿಯ ತ್ಯಾಜ್ಯ ಕೇಂದ್ರಕ್ಕೆ ಒಯ್ಯುವ ಪಾಠವೂ ಅದರ ಜೊತೆಗೇ ಸೇರಬೇಕು. ಬೆಂಗಳೂರಿಗೆ ಹೋದಾಗ ಮೆಕ್ಯಾನಿಕ್ಕನ್ನು ಏಕವಚನದಲ್ಲಿ ಕರೆಯುವ ಚಾಳಿಯನ್ನು ಬಿಡುವುದಕ್ಕೆ ಯಾವ ಕಾಯಿದೆಯೂ ಬೇಕಾಗಿಲ್ಲ.

ಕಡೆಯದಾಗಿ, ತೆರೆದ ಮುಚ್ಚಳವನ್ನು ಮತ್ತೆ ಮುಚ್ಚುವ ವಿಷಯ. ಹಳೆಯ ಅಂಟನ್ನು ಪ್ಲಾಸ್ಟಿಕ್ ಉಳಿಯಿಂದ ಕೆರೆದು, ಮೇಲ್ಮೈಯನ್ನು ಜಿಡ್ಡಿಲ್ಲದಂತೆ ಒರೆಸಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಮೂಲೆಗಳಿಗಷ್ಟೇ ಸಿಲಿಕೋನ್ ಹಚ್ಚಬೇಕು. ಬೋಲ್ಟುಗಳನ್ನು ಈ ಬಾರಿ ನಡುವಿನಿಂದ ಹೊರಕ್ಕೆ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬುದನ್ನು ಆಯಾ ಕಾರಿನ ಕೈಪಿಡಿ ಹೇಳುತ್ತದೆ. ಅನೇಕ ಎಂಜಿನ್ನುಗಳಲ್ಲಿ ಅದು ಸುಮಾರು 10 ನ್ಯೂಟನ್ ಮೀಟರ್ ಮಾತ್ರ, ಮುಂಗೈಯ ಬಲಕ್ಕಿಂತ ಹೆಚ್ಚಿನದಲ್ಲ. ಎಂಜಿನ್ನಿಗೆ ಮುಚ್ಚಳ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಒಳಗೇನಿದೆ ಎಂದು ನೋಡಬೇಕೆನಿಸಿದಾಗ ಅದನ್ನು ತೆರೆಯುವ ಕೈಗೆ ಹಕ್ಕೂ ಗೌರವವೂ ಇರಬೇಕು ಎಂಬುದಷ್ಟೇ ಈ ಮಾತಿನ ಒತ್ತಾಯ.